ತಮ್ಮನ ಗೇಮ್ ಫ್ರೆಂಡ್ಸ್ ಚಾಮುಂಡಿ ಬೆಟ್ಟ ಹತ್ತೋಕೆ ಕರೀತಾವ್ರೆ, ಅವ್ನು ವೀಲ್‌ಚೇರಲ್ಲಿರೋದು ಅವ್ರಿಗೆ ಗೊತ್ತಿಲ್ಲ

ಮಂಡ್ಯದಕ್ಕ:
ಎಲ್ರಿಗೂ ನಮಸ್ಕಾರ. ನನ್ ತಮ್ಮಂಗೆ 20 ವರ್ಷ, ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಅಂದ್ರೆ ಸ್ನಾಯು ಸವೀತಾ ಹೋಗೋ ಕಾಯಿಲೆ, ಹುಟ್ತಾನೇ ಇರುತ್ತೆ, ಹೆಚ್ಚಾಗಿ ಗಂಡುಮಕ್ಕಳಿಗೇ ಬರೋದು. ಹನ್ನೊಂದನೇ ವರ್ಷಕ್ಕೆ ನಡೆಯೋದು ನಿಂತೋಯ್ತು. ಈಗ ಬಲಗೈ ಬೆರಳು ಆಡ್ತವೆ, ಮೌಸಲ್ಲೇ ಸ್ಕ್ರೀನ್ ಮೇಲಿರೋ ಕೀಬೋರ್ಡ್ ಒತ್ಕೊಂಡು ಊರೂರಿನ ಹುಡುಗ್ರು ಗುಂಪು ಕಟ್ಕೊಂಡು ಆಡೋ ಗೇಮ್ ಆಡ್ತಾನೆ. ಮೂರು ವರ್ಷದಿಂದ ಒಂದೇ ಗುಂಪು, ಅಲ್ಲಿ ಇವ್ನೇ ಲೀಡರ್ರು, ಯಾರು ಎಲ್ಲಿ ನಿಲ್ಬೇಕು ಯಾವಾಗ ನುಗ್ಬೇಕು ಎಲ್ಲ ಇವ್ನು ಹೇಳ್ದಂಗೆ. ಮನೇಲಿ ಮಗ್ಗುಲು ಬದಲಾಯ್ಸೋಕೂ ಅಮ್ಮನ್ನ ಕೂಗ್ಬೇಕು.

ಈಗ ಆ ಗುಂಪಿನ ಆರೇಳು ಜನ ಬೆಂಗ್ಳೂರು ಹುಬ್ಬಳ್ಳಿ ಕಡೆಯಿಂದ ಮೈಸೂರಿಗೆ ಬತ್ತಾವ್ರಂತೆ, ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಲು ಹತ್ತೋದಂತೆ, ನೀನು ಮಂಡ್ಯದೋನು ಪಕ್ಕದಲ್ಲೇ ಇದೀಯ ಬರ್ಲೇಬೇಕು ಅಂತ. ಇವ್ನು ಎಕ್ಸಾಮ್ ಐತೆ ಅಂದವ್ನೆ. ಎಕ್ಸಾಮೂ ಇಲ್ಲ ಏನೂ ಇಲ್ಲ. ಎರಡು ದಿನದಿಂದ ಕಂಪ್ಯೂಟರ್ ಆನ್ ಮಾಡ್ಸಿಲ್ಲ, ಗೋಡೆ ಕಡೆ ತಿರ್ಗಿ ಮಲಗವ್ನೆ. ಹೋದ್ಸಲ ಬರ್ತ್‌ಡೇಗೆ ಅವ್ರಲ್ಲೊಬ್ಬ ಟೀಶರ್ಟ್ ಕಳ್ಸಿದ್ದ, ಕೊರಿಯರ್‌ಗೆ ನನ್ ನಂಬರ್ ಕೊಟ್ಟಿದ್ವಿ, ಹಂಗಾಗಿ ಆ ಹುಡುಗನ ನಂಬರ್ ನನ್ ಹತ್ರ ಐತೆ. ನಾನೇ ಫೋನ್ ಮಾಡಿ ವಿಷಯ ಹೇಳ್ಬಿಡ್ಲಾ?

ರಿಟೈರ್ಡ್ ಮೇಷ್ಟ್ರು:
ತಪ್ಪು ತಿಳ್ಕೋಬೇಡಮ್ಮ. ಮುಖ ನೋಡದ ಸ್ನೇಹ ಎಷ್ಟು ದಿನ ಬರುತ್ತೆ? ಸುಳ್ಳಿನ ಮೇಲೆ ನಿಂತಿದೆ ಬೇರೆ. ಹುಡುಗನ್ನ ಆ ಪರದೆ ಮುಂದಿಂದ ಎಬ್ಬಿಸಿ, ಸಂಜೆ ಹೊತ್ತು ಹೊರಗೆ ಕರ್ಕೊಂಡು ಹೋಗಿ, ನಾಲ್ಕು ಜನದ ಜೊತೆ ಬೆರೀಲಿ.

ಕಪ್ಪುಕನ್ನಡಕ:
ಮೇಷ್ಟ್ರೇ, ಹೊರಗೆ ಅಂದ್ರೆ ಎಲ್ಲಿಗೆ ಸಾರ್? ನಂಗೆ ಹುಟ್ಟಿದಾಗಿಂದ ಕಣ್ಣು ಕಾಣಲ್ಲ, ಸರಸ್ವತಿಪುರಂನಲ್ಲಿರೋದು, ಫುಟ್‌ಪಾತ್ ಮೇಲೆ ಬೈಕು, ಬೈಕು ತಪ್ಪಿಸಿದ್ರೆ ಎಳನೀರು ಗಾಡಿ. ನಿಂತಿದ್ರೆ ಯಾರೋ ಪುಣ್ಯಾತ್ಮರು ಬಂದು ಕೇಳ್ದೇನೇ ಕೈ ಹಿಡ್ಕೊಂಡು ರೋಡು ದಾಟಿಸಿಬಿಡ್ತಾರೆ, ನಾನು ಆ ಕಡೆಗೆ ಹೋಗ್ಬೇಕು ಅಂತಾನೇ ಇರಲ್ಲ, ವಾಪಸ್ ಬರೋಕೆ ಇನ್ನೊಬ್ಬ ಪುಣ್ಯಾತ್ಮಂಗೆ ಕಾಯ್ಬೇಕು.

ಅಕ್ಕ, ದಯವಿಟ್ಟು ಫೋನ್ ಮಾಡ್ಬೇಡಿ. ಯಾಕೆ ಅಂದ್ರೆ ನಾನು ಆನ್‌ಲೈನಲ್ಲಿ ಚೆಸ್ ಆಡ್ತೀನಿ, ಒಬ್ರ ಜೊತೆ ಒಂದು ವರ್ಷ ಆಡಿದೀನಿ, ಒಳ್ಳೆ ಜಟಾಪಟಿ ಇರ್ತಿತ್ತು. ಒಂದಿನ ಮಾತಿಗೆ ಮಾತು ಬಂದು ನಂಗೆ ಕಣ್ಣಿಲ್ಲ ಅಂದೆ, ಅಯ್ಯೋ ಗ್ರೇಟ್ ಸಾರ್ ಅಂದ್ರು, ಅವತ್ತಿಂದ ನಾನು ಬರೀ ಗೆಲ್ತಾನೇ ಇದೀನಿ. ಆನೇನ ತಂದು ಬಾಯಿಗೆ ಇಡ್ತಾರೆ ಮಹರಾಯ್ರು! ಆಟಾನೇ ಬಿಟ್ಬಿಟ್ಟೆ. ನಿಮ್ ತಮ್ಮ ಮುಚ್ಚಿಟ್ಟಿರೋದು ಕುರ್ಚಿನಲ್ಲ ಅನ್ಸುತ್ತೆ, ಈ ಅಯ್ಯೋನ ದೂರ ಇಟ್ಟಿದಾನೆ ಅಷ್ಟೇ.

ಹಂಗಂತ ಆನ್‌ಲೈನಲ್ಲಿ ಎಲ್ಲ ಸಲೀಸು ಅಂತಲೂ ಅಲ್ಲ. ಎನ್‌ವಿಡಿಎ ಅಂತ ಸ್ಕ್ರೀನ್ ಓದೋ ಸಾಫ್ಟ್‌ವೇರು, 2006ರಲ್ಲಿ ಆಸ್ಟ್ರೇಲಿಯಾದ ಕಣ್ಣು ಕಾಣದ ಹುಡುಗ ಒಬ್ಬ ಶುರುಮಾಡಿದ್ದು, ದುಡ್ಡಿಲ್ಲ, ಕನ್ನಡಾನೂ ಓದುತ್ತೆ, ದನಿ ಮಾತ್ರ ಡಬ್ಬದೊಳಗಿಂದ ಬಂದಂಗಿರುತ್ತೆ. ಆದ್ರೆ ಆಪ್ ಮಾಡೋರು ಬಟನ್‌ಗೆ ಹೆಸರೇ ಕೊಟ್ಟಿರಲ್ಲ, ಅದು ಪಾಪ ಬಟನ್ ಬಟನ್ ಬಟನ್ ಅಂತ ಬಡ್ಕೊಳುತ್ತೆ, ಯಾವುದು ಕಳ್ಸೋದು ಯಾವುದು ಅಳ್ಸೋದು ನಾವು ಊಹೆ ಮಾಡ್ಬೇಕು. ಬ್ಯಾಂಕ್ ಆಪ್ ಒಂದು ಕಣ್ಣು ಮಿಟುಕಿಸಿ ಅಂತ ನಂಗೇ ಹೇಳ್ತು. ಇದೇ ಕೆವೈಸಿ, ಅಂದ್ರೆ ಗಿರಾಕಿ ಯಾರು ಅಂತ ಖಾತ್ರಿ ಮಾಡ್ಕೊಳೋ ವಿಷಯದಲ್ಲೇ 2025ರ ಏಪ್ರಿಲಲ್ಲಿ ಸುಪ್ರೀಂ ಕೋರ್ಟು ಡಿಜಿಟಲ್ ಸೇವೆ ಎಲ್ರಿಗೂ ಸಿಗೋದು ಬದುಕೋ ಹಕ್ಕಿನ ಭಾಗಾನೇ ಅಂತ ಹೇಳಿದ್ದು.

ಬರ್ದೇ ಮಾತಾಡ್ತೀನಿ:
ನಂಗೆ ಕಿವಿ ಕೇಳಲ್ಲ. ಮೇಲಿನ ಸಾರ್ ಹೇಳಿದ್ದಕ್ಕೆ ಸ್ವಲ್ಪ ಉಲ್ಟಾ ಹೇಳ್ತೀನಿ.

ನಂದೂ ಒಂದು ಗುಂಪಿತ್ತು, ಎಲ್ಲ ಟೈಪ್ ಮಾಡ್ಕೊಂಡೇ ಮಾತು. ಅಲ್ಲಿ ನಾನು ವಾಚಾಳಿ, ನಂಬಲ್ಲ ನೀವು. ಆಮೇಲೆ ಎಲ್ರೂ ವಾಯ್ಸ್ ಚಾಟ್‌ಗೆ ಹೋದ್ರು. ಎಲ್ಲ ನಗ್ತಾವ್ರೆ ಅಂತ ಸ್ಮೈಲಿ ನೋಡಿ ಗೊತ್ತಾಗ್ತಿತ್ತು, ಏನಂದ್ರು ಅಂತ ಕೇಳಿದ್ರೆ "ಏನಿಲ್ಲ ಬಿಡು". ಮನೇಲಿ ಊಟಕ್ಕೆ ಕೂತಾಗ ಚಿಕ್ಕಂದಿಂದ ಕೇಳಿರೋ ಉತ್ತರಾನೇ ಇದು. (ಕೇಳಿರೋ ಅಂತ ಬರ್ದೆ ನೋಡಿ.) ಸೆಕೆಂಡ್ ಲೈಫ್ ಅಂತ 2003ರಿಂದ ಇರೋ ವರ್ಚುಯಲ್ ಲೋಕ ಇದೆಯಲ್ಲ, ಮೊದಲು ಅಲ್ಲೂ ಬರೀ ಅಕ್ಷರ, 2007ರಲ್ಲಿ ದನಿ ಬಂತು, ಆಗ ನಮ್ಮಂಥೋರಿಗೆ ಅಲ್ಲೂ ಇದೇ ಕಥೆ.

ಎರಡು ತಿಂಗಳು ನೆಟ್‌ವರ್ಕ್ ಸರಿ ಇಲ್ಲ ಅಂತ ಸುಳ್ಳು ಹೇಳ್ದೆ. ಆಮೇಲೆ ಹೇಳ್ಬಿಟ್ಟೆ. ಇಬ್ರು ಅವತ್ತಿಂದ ಮುಖ್ಯವಾದ್ದೆಲ್ಲ ಟೈಪ್ ಮಾಡ್ತಾರೆ, ಒಬ್ಬ ಮಾತೇ ಬಿಟ್ಟ. ನಂಗೆ ಆ ಇಬ್ರು ಸಾಕಾಯ್ತು. ಆದ್ರೆ ಹೇಳಿದ್ದು ನಾನು. ನಮ್ಮಣ್ಣ ಹೇಳಿದ್ರೆ ಅವನ ಜೊತೆ ಜಗಳ ಆಗ್ತಿತ್ತು.

ಕುವೆಂಪುನಗರ ಆಂಟಿ:
ಮೇಷ್ಟ್ರು ಮುಖ ನೋಡದ ಸ್ನೇಹ ಅಂದ್ರಲ್ಲ, ನಾರ್ವೆ ದೇಶದಲ್ಲಿ ಮ್ಯಾಟ್ಸ್ ಸ್ಟೀನ್ ಅಂತ ಒಬ್ಬ ಹುಡುಗ ಇದ್ದ, ಅವ್ನಿಗೂ ಇದೇ ಡುಶೆನ್, ಅವ್ನೂ ಗೇಮಲ್ಲೇ ಇರ್ತಿದ್ದ, ಬಹಳ ಕಾಲ ಅಲ್ಲಿ ಯಾರಿಗೂ ಕಾಯಿಲೆ ವಿಷಯ ಹೇಳಿರ್ಲಿಲ್ಲ. 2014ರಲ್ಲಿ 25 ವರ್ಷಕ್ಕೆ ಹೋಗ್ಬಿಟ್ಟ. ಅಪ್ಪ ಅಮ್ಮ ಪಾಪ ಮಗ ಒಂಟಿಯಾಗೇ ಹೋದ ಅಂದ್ಕೊಂಡು ಅವನ ಬ್ಲಾಗಲ್ಲಿ ಸಾವಿನ ಸುದ್ದಿ ಹಾಕಿದ್ರೆ ಎಲ್ಲೆಲ್ಲಿಂದಲೋ ಮೇಲ್ ಮೇಲೆ ಮೇಲ್, ಮಣ್ಣಿಗೂ ಬೇರೆ ದೇಶದಿಂದ ಜನ ಬಂದ್ರು. ಓದಿ ಒಂದಿನ ಅನ್ನ ಸೇರ್ಲಿಲ್ಲ ನಂಗೆ.

ಮತ್ತೆ ಮೆಟ್ಲೇ ಯಾಕೆ? ಬೆಟ್ಟದ ಮೇಲಕ್ಕೆ ರೋಡಿದೆ. ಇಲ್ಲಾಂದ್ರೆ ಭಾನುವಾರ ಸಾಯಂಕಾಲ ಅರಮನೆ ದೀಪ ಹಾಕ್ತಾರಲ್ಲ, ಮುಂದೆ ಎಲ್ಲ ಸಮತಟ್ಟು ಜಾಗ. ಅದನ್ನ ಹುಡುಗ್ರಿಗೆ ಅವ್ನೇ ಹೇಳ್ಬೋದಲ್ವಾ, ಲೀಡರ್ ಅವ್ನೇ ತಾನೆ.

ಮಂಡ್ಯದಕ್ಕ:
ಫೋನ್ ಮಾಡ್ಲಿಲ್ಲ. ನೀವೆಲ್ಲ ಬರ್ದಿದ್ದನ್ನ ಅವ್ನಿಗೇ ಓದ್ದೆ, ನನ್ ವಿಷಯ ಎಲ್ಲಾ ಕಡೆ ಯಾಕೆ ಹಾಕ್ದೆ ಅಂತ ಚೆನ್ನಾಗಿ ಬೈದ, ಬೈಸ್ಕೊಂಡೆ. ಚೆಸ್ ಕಥೆಗೆ ಮಾತ್ರ ನಕ್ಕ. ರಾತ್ರಿ ಕಂಪ್ಯೂಟರ್ ಹಾಕು ಅಂದ. ಒಂದೊಂದೇ ಅಕ್ಷರ ಒತ್ತಿ ಮುಕ್ಕಾಲು ಗಂಟೆ ಬರ್ದವ್ನೆ: "ಎಕ್ಸಾಮ್ ಇಲ್ಲ. ವೀಲ್‌ಚೇರಲ್ಲಿದೀನಿ, ಮೆಟ್ಲು ಆಗಲ್ಲ, ಸಾಯಂಕಾಲ ಅರಮನೆ ಹತ್ರ ಸಿಗ್ತೀನಿ. ಶನಿವಾರದ ಆಟದಲ್ಲಿ ಯಾರಾದ್ರೂ ನಂಗೆ ಪಾಪ ಅಂತ ಬಿಟ್ಕೊಟ್ರೆ ಗುಂಪಿಂದ ತೆಗೀತೀನಿ."

ಟೀಶರ್ಟ್ ಹುಡುಗ ಹತ್ತೇ ನಿಮಿಷಕ್ಕೆ "ಸದ್ಯ, ನಂಗೂ ಮೆಟ್ಲು ಅಂದ್ರೆ ಮಂಡಿ ನೋವು" ಅಂದ. ಇಬ್ರು ಹೆಬ್ಬೆಟ್ಟು ಒತ್ತವ್ರೆ. ಇನ್ನುಳಿದೋರು ಓದಿರೋದು ಕಾಣುತ್ತೆ, ಏನೂ ಹೇಳಿಲ್ಲ, ಇವ್ನು ಗಳಿಗೆಗೊಂದ್ಸಲ ತೆಗ್ದು ನೋಡ್ತಾವ್ನೆ.

ಅದಿರ್ಲಿ, ವೀಲ್‌ಚೇರ್ ಸಮೇತ ಹತ್ತಿಸ್ಬೋದಾದ ಗಾಡಿ ಮಂಡ್ಯದಲ್ಲಿ ಬಾಡಿಗೆಗೆ ಎಲ್ಲಾದ್ರೂ ಸಿಗುತ್ತಾ? ಅವನ ಚೇರ್ ಮಡಚೋಕಾಗಲ್ಲ, ಮಾಮೂಲಿ ಕಾರ್ ಡಿಕ್ಕೀಲಿ ಹಿಡ್ಸಲ್ಲ.