ಬಯೋಸರ್ಫ್ಯಾಕ್ಟಂಟ್‌ಗೆ ‘ಜೈವಿಕ ಮಾರ್ಜಕ’ ಸರಿಯೇ? ‘ಎಣ್ಣೆ ಒಡೆಯುವುದು’ ಅಂದರೆ ಯಾವುದು?

ನಮಸ್ಕಾರ.

ಎಣ್ಣೆ ಸೋರಿ ಕೆಟ್ಟ ಮಣ್ಣನ್ನು ಬ್ಯಾಕ್ಟೀರಿಯಾಗಳಿಂದ ಸರಿಪಡಿಸುವ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಬಯೋಸರ್ಫ್ಯಾಕ್ಟಂಟ್ (ಬ್ಯಾಕ್ಟೀರಿಯಾದಂಥ ಜೀವಾಣುಗಳು ತಯಾರಿಸುವ, ಸೋಪಿನ ಹಾಗೆ ಎಣ್ಣೆ–ನೀರಿನ ನಡುವೆ ಕೆಲಸ ಮಾಡುವ ವಸ್ತು) ಎಂಬ ಪದ ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಕನ್ನಡದಲ್ಲಿ ಏನನ್ನೋಣ?

ಡಿಟರ್ಜೆಂಟಿಗೆ ಪಠ್ಯಪುಸ್ತಕಗಳಲ್ಲಿ ‘ಮಾರ್ಜಕ’ ಇದೆ. ಹಾಗಾಗಿ ಥಟ್ಟನೆ ಹೊಳೆಯುವುದು ‘ಜೈವಿಕ ಮಾರ್ಜಕ’. ಆದರೆ ಮಾರ್ಜಕ ಅಂದರೆ ತೊಳೆಯುವಂಥದ್ದು, ಅಲ್ವಾ? ಇದರ ಮುಖ್ಯ ಕೆಲಸ ಬೇರೆ. ಮಣ್ಣಿನಲ್ಲಿರುವ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ ‘ಸರ್ಫ್ಯಾಕ್ಟಿನ್’ ತಯಾರಿಸುತ್ತದೆ. ಸೂಡೊಮೊನಾಸ್ ಎರುಜಿನೋಸಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ‘ರ‍್ಯಾಮ್ನೋಲಿಪಿಡ್’ ತಯಾರಿಸುತ್ತದೆ. ಎರಡೂ ಬಯೋಸರ್ಫ್ಯಾಕ್ಟಂಟ್‌ಗಳೇ. ಎರಡರ ಅಣುವಿನಲ್ಲೂ ಒಂದು ಭಾಗ ನೀರಿನ ಕಡೆ, ಇನ್ನೊಂದು ಎಣ್ಣೆಯ ಕಡೆ. ಎಣ್ಣೆ, ನೀರು ಕೂಡುವಲ್ಲಿ ಕೂತು ಅಲ್ಲಿನ ಎಳೆತವನ್ನು ಇಳಿಸುತ್ತವೆ. ಬರೀ ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಚೂರು ಸರ್ಫ್ಯಾಕ್ಟಿನ್ ಬೆರೆಸಿದರೆ ಅದು 27ರ ಆಸುಪಾಸಿಗೆ ಇಳಿಯುತ್ತದೆ. ಆಗ ಮಣ್ಣಿಗೆ ಅಂಟಿದ ಎಣ್ಣೆ ಬಿಟ್ಟುಕೊಂಡು ಸಣ್ಣ ಹನಿಗಳಾಗುತ್ತದೆ, ಬ್ಯಾಕ್ಟೀರಿಯಾಗಳ ಬಾಯಿಗೆ ಎಟುಕುತ್ತದೆ. (ಬ್ಯಾಕ್ಟೀರಿಯಾಕ್ಕೆ ಬಾಯಿಲ್ಲ, ಸುಮ್ನೆ ಹೇಳಿದೆ.)

ಹಾಗಂತ ‘ಮಾರ್ಜಕ’ ಪೂರ್ತಿ ತಪ್ಪೂ ಅಲ್ಲ. 1989ರಲ್ಲಿ ಎಕ್ಸಾನ್ ವಾಲ್ಡೀಜ್ ಎಂಬ ಎಣ್ಣೆ ಹಡಗಿನಿಂದಾದ ಸೋರಿಕೆಯಲ್ಲಿ ಎಣ್ಣೆ ಹಿಡಿದ ಅಲಾಸ್ಕಾದ ಜಲ್ಲಿಯನ್ನು ಸೂಡೊಮೊನಾಸ್‌ನ ಬಯೋಸರ್ಫ್ಯಾಕ್ಟಂಟ್‌ನಿಂದ ತೊಳೆದೇ ನೋಡಿದ್ದರು.

‘ಜೈವಿಕ’ವೂ ತೊಡಕು. ಜೈವಿಕ ಗೊಬ್ಬರದಲ್ಲಿ ಜೀವಾಣುಗಳೇ ಇರುತ್ತವೆ. ಇಲ್ಲಿರುವುದು ಜೀವಾಣು ತಯಾರಿಸಿದ ವಸ್ತು. ಓದುಗರು ಎರಡನ್ನೂ ಒಂದೇ ಅಂದುಕೊಂಡರೆ?

ಇದಕ್ಕಿಂತ ಜಾಸ್ತಿ ಕಾಡುತ್ತಿರುವುದು ಕ್ರಿಯಾಪದ. ‘ಎಣ್ಣೆಯನ್ನು ಒಡೆಯುತ್ತದೆ’ ಅಂತ ಬರೆದಿದ್ದೆ. ಎಣ್ಣೆ ಹನಿಯಾಗುವುದೂ ಒಡೆಯುವುದೇ, ಅದರ ಅಣು ಮುರಿಯುವುದೂ ಒಡೆಯುವುದೇ. ಮೊದಲನೆಯದರಲ್ಲಿ ಎಣ್ಣೆ ಎಣ್ಣೆಯಾಗಿಯೇ ಉಳಿಯುತ್ತದೆ. ಎರಡನೆಯದರಲ್ಲಿ ಮಾತ್ರ ಅದು ನಿಜವಾಗಿ ಇಲ್ಲವಾಗುತ್ತದೆ. ‘ಕರಗಿಸು’ ಇನ್ನೂ ಗೊಂದಲ: ಉಪ್ಪೂ ಕರಗುತ್ತದೆ, ಮೇಣವೂ ಕರಗುತ್ತದೆ. ಸದ್ಯಕ್ಕೆ ಹನಿ ಮಾಡುವುದಕ್ಕೆ ‘ಚೆದುರಿಸು’, ಬ್ಯಾಕ್ಟೀರಿಯಾ ಮಾಡುವುದಕ್ಕೆ ‘ಅರಗಿಸು’ ಎಂದಿಟ್ಟುಕೊಂಡಿದ್ದೇನೆ.

‘ಎಣ್ಣೆ’ ಬೇಡ, ‘ತೈಲ’ ಬಳಸಿ ಅಂತ ಒಬ್ಬ ಗೆಳೆಯರ ಸಲಹೆ. ಎಣ್ಣೆ ‘ಎಳ್ಳಿನ ನೆಯ್’, ತೈಲ ಬಂದದ್ದು ‘ತಿಲ’ದಿಂದ. ಎರಡೂ ಎಳ್ಳಿನ ಮನೆಯವೇ, ನಾನು ಎಣ್ಣೆಯನ್ನೇ ಉಳಿಸಿಕೊಳ್ಳುತ್ತೇನೆ.

ಹೆಸರಿನ ವಿಷಯಕ್ಕೆ ಬಂದರೆ, ಮೊದಲ ಸಲ ‘ಮೇಲ್ಮೈ ಎಳೆತ ತಗ್ಗಿಸುವ, ಜೀವಾಣು ತಯಾರಿಸಿದ ವಸ್ತು’ ಎಂದು ಬಿಡಿಸಿ ಹೇಳಿ, ಆಮೇಲೆ ಬಯೋಸರ್ಫ್ಯಾಕ್ಟಂಟ್ ಎಂದೇ ಬರೆಯುವ ಕಡೆ ಮನಸ್ಸು ವಾಲಿದೆ. ‘ಎಳೆತಗ್ಗುಕ’ ಅಂತ ಒಂದು ಕಟ್ಟಿ ನೋಡಿದೆ, ನನಗೇ ನಗು ಬಂತು.

ಪಾಠ ಮಾಡುವವರು ಯಾರಾದರೂ ಇದ್ದರೆ, ತರಗತಿಯಲ್ಲಿ ಬಾಯಲ್ಲಿ ಏನನ್ನುತ್ತೀರಿ ಎಂದು ತಿಳಿಸಿ. ‘ಚೆದುರಿಸು’ಗಿಂತ ಒಳ್ಳೆಯದು ಇದ್ದರೆ ಅದೂ ಬೇಕು.