ಸಹಾಯ ಬೇಕು: ಇಂಕಾ ಹಾದಿಯ ಒಂದು ದಿನದ ಟ್ರೆಕ್ ಮಾಡಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ನಾನು, ನಮ್ಮಕ್ಕ ಪೆರುವಿಗೆ ಹೊರಟಿದ್ದೇವೆ. ನಾಲ್ಕು ದಿನದ ಇಂಕಾ ಟ್ರೆಕ್ ನಮ್ಮ ಕೈಲಾಗದು, ಅದಕ್ಕೇ ಒಂದು ದಿನದ್ದು ನೋಡುತ್ತಿದ್ದೇವೆ. ಓಯಾಂತಾಯ್ತಾಂಬೊ ಊರಲ್ಲಿ ರೈಲು ಹತ್ತಿ ರೈಲುಹಳಿಯ 104ನೇ ಕಿಲೋಮೀಟರ್‌ನಲ್ಲಿ ಇಳಿದು, ಉರುಬಾಂಬಾ ನದಿ ದಾಟಿ, ವಿನ್ಯಾಯ್ ವಾಯ್ನಾ (ಇಂಕಾ ಕಾಲದ ಅವಶೇಷಗಳು), ಇಂಟಿ ಪುಂಕು (ಸೂರ್ಯದ್ವಾರ), ಆಮೇಲೆ ಬೆಟ್ಟದ ಮೇಲಿನ ಹಳೇ ಇಂಕಾ ನಗರ ಮಾಚು ಪಿಚು. ಗೈಡ್, ಪರ್ಮಿಟ್ ಎರಡೂ ಕಡ್ಡಾಯ ಅಂತ ಗೊತ್ತು.

ಎತ್ತರದ ಭಯ ಅಷ್ಟಿಲ್ಲ. ಅಲ್ಲಿಗೆ ಹೋಗುವವರು ಮೊದಲು ತಂಗುವ ಕುಸ್ಕೊ ಊರೇ 3,400 ಮೀಟರ್ ಮೇಲಿದೆ, ಇಂಟಿ ಪುಂಕು ಸುಮಾರು 2,700 ಅಷ್ಟೇ. ಚಿಂತೆ ಇರೋದು ಅಕ್ಕನ ಮಂಡಿಯದ್ದು. ಇಂಟಿ ಪುಂಕು ಹತ್ತಿರ ಕಲ್ಲಿನ ಮೆಟ್ಟಿಲು ಎಷ್ಟು ಕಡಿದು ಅಂದ್ರೆ ಕೈ ಊರಿಕೊಂಡೇ ಹತ್ತುತ್ತಾರಂತೆ. ನಿಜವಾ? ಅದಕ್ಕಿಂತ ಜಾಸ್ತಿ, ಅಲ್ಲಿಂದ ಮಾಚು ಪಿಚುವರೆಗೆ ಇಳಿಯುವಾಗ ಮಂಡಿ ಏನಾಗುತ್ತೆ? ಕೋಲಿಗೆ ರಬ್ಬರ್ ತುದಿ ಇರಲೇಬೇಕಂತೆ, ಅಲ್ಲೇ ಬಾಡಿಗೆಗೆ ಸಿಗುತ್ತಾ? ನಿಧಾನ ನಡೆಯುವವರಿಗೆ ಗೈಡ್ ಕಾಯ್ತಾರಾ, ಇಲ್ಲ ನಾವಿಬ್ಬರೇ ಬೇರೆ ಗೈಡ್ ಮಾಡಿಕೊಳ್ಳುವುದು ವಾಸಿಯಾ?

ಇನ್ನೊಂದು, ನಾವು ಮೊಟ್ಟೆಯನ್ನೂ ತಿನ್ನಲ್ಲ. ಬುತ್ತಿಯಲ್ಲಿ ಏನು ಕೊಡ್ತಾರೆ? ಚಟ್ನಿಪುಡಿ, ಚಪಾತಿ ಕಟ್ಟಿಕೊಂಡು ಹೋಗೋಣ ಅಂತಾಳೆ ಅಕ್ಕ!

ಹೋಗಿಬಂದವರು ದಯವಿಟ್ಟು ಹೇಳಿ. ಮುಂದಿನ ವಾರ ಬುಕ್ ಮಾಡಬೇಕು.