ಅಪ್‌ಡೇಟ್: ಪೋರ್ಷೆ 911ರ ಫ್ಯಾನ್ ಬೆಲ್ಟ್ ಕಿರುಚಾಟ ನಿಂತಿತು

ನನ್ನ ಹಳೇ 911ಗೆ 964 ಅನ್ನೋ ನಂತರದ 911 ಮಾದರಿಯ ಎಂಜಿನ್ ಕೂರಿಸಿದ್ದೆ. ಅದರಲ್ಲಿ ಎಂಜಿನ್ ತಂಪು ಮಾಡುವ ಫ್ಯಾನ್‌ಗೊಂದು, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ಗೊಂದು ಬೆಲ್ಟ್. ಆ ಎರಡು ಬೆಲ್ಟಿನ ಸೆಟ್ ತೆಗೆದು, 964ಕ್ಕಿಂತ ಮೊದಲಿನ 911 ಮಾದರಿ ಕರೆರಾ 3.2ರ ಒಂದೇ ಬೆಲ್ಟಿನ ಸೆಟ್ ಹಾಕಿದ ಮೇಲೆ ಬೆಲ್ಟ್ ಕಿರುಚುತ್ತಿದೆ, ಯಾಕೆ ಅಂತ ಕೇಳಿದ್ದೆ ಅಲ್ವಾ? ಕಾರಣ ಸಿಕ್ಕಿತು.

ತಪ್ಪು ಇದ್ದದ್ದು ಶಿಮ್‌ಗಳಲ್ಲಿ. ಬೆಲ್ಟ್ ಕೂರುವ ಚಕ್ರದ, ಅಂದರೆ ಪುಲ್ಲಿಯ, ಎರಡು ಹೋಳುಗಳ ನಡುವೆ ಶಿಮ್ ಅನ್ನೋ ತೆಳ್ಳಗಿನ ಉಂಗುರಗಳಿರುತ್ತವೆ. ನಾನು ಒಂದು ಜಾಸ್ತಿ ಹಾಕಿದ್ದೆ. ಸಂದು ಅಗಲವಾಗಿ ಬೆಲ್ಟ್ ಒಳಕ್ಕೆ ಕುಸಿದು ಸಡಿಲವಾಗಿತ್ತು. ಹೋಳುಗಳ ಒಳಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಸುತ್ತ ಕಪ್ಪು ರಬ್ಬರ್ ಪುಡಿ. ಒಂದು ಶಿಮ್ ತೆಗೆದು ಹೊರಗಡೆ, ನಟ್ಟಿನ ಕೆಳಗೆ ಇಟ್ಟೆ. ಬಿಸಾಡಬೇಡಿ, ಒಟ್ಟು ಲೆಕ್ಕ ಅಷ್ಟೇ ಇರಬೇಕು. ಹೊಸ ಬೆಲ್ಟನ್ನೂ ಹಾಕಿದೆ.

ಈಗ ಸದ್ದೇ ಇಲ್ಲ. ಟೆಕ್ಸಾಸ್ ಬಿಸಿಲಲ್ಲಿ ಒಂದು ಗಂಟೆ ಓಡಿಸಿದೆ, ಆಯಿಲ್ ಬಿಸಿ ಏರಲಿಲ್ಲ.

ಒಂದೇ ಬೆಲ್ಟ್ ನನಗೆ ಇಷ್ಟವಾಗಿದ್ದು ಇದಕ್ಕೆ: ಅದು ಕಿತ್ತರೆ ಚಾರ್ಜಿಂಗ್ ದೀಪ ತಕ್ಷಣ ಹೊತ್ತಿಕೊಳ್ಳುತ್ತದೆ. ಎರಡನ್ನೂ ತಿರುಗಿಸೋದು ಅದೇ ಬೆಲ್ಟ್ ಆದ್ದರಿಂದ ಫ್ಯಾನ್ ನಿಂತಿದೆ ಅಂತಲೇ ಅರ್ಥ. ಆಗ ಮನೆವರೆಗೆ ಹೋಗೋಣ ಅನ್ನಬೇಡಿ, ಅಲ್ಲೇ ಎಂಜಿನ್ ಆಫ್ ಮಾಡಿ. ಡಿಕ್ಕಿಯಲ್ಲಿ ಒಂದು ಬೆಲ್ಟ್, ಒಂದು ಸ್ಪ್ಯಾನರ್ ಇಟ್ಟುಕೊಂಡಿದ್ದೇನೆ.